ಪದಚರ್ಚೆ: ಕಂಬಿ ಬಿರುಕನ್ನು ‘ತಡೆಯುತ್ತದೆ’ ಅನ್ನಬಹುದೇ?

ಗೆಳೆಯರೇ,

ಗೋದಾಮಿನ ನೆಲಕ್ಕೆ ಕಾಂಕ್ರೀಟ್ ಹಾಕುವ ಬಗ್ಗೆ ಗಾರೆ ಕೆಲಸದವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ‘ಕ್ರ್ಯಾಕ್ ಕಂಟ್ರೋಲ್’ ಎಂಬುದಕ್ಕೆ ಕನ್ನಡ ಪದ ಹುಡುಕುವಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲು ‘ಬಿರುಕು ತಡೆ’ ಅಂತ ಬರೆದೆ. ಅದು ಸುಳ್ಳು ಹೇಳಿದಂತಾಗುತ್ತದೆ. ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ, ಕೆಳಗಿನ ನೆಲ ಅದನ್ನು ಕುಗ್ಗಲು ಬಿಡುವುದಿಲ್ಲ, ಆಗ ಬಿರಿಯುತ್ತದೆ. ಒಳಗಿನ ಮೆಶ್ (ಕಂಬಿಯ ಜಾಲರಿ) ಇದನ್ನು ನಿಲ್ಲಿಸುವುದಿಲ್ಲ. ಬಂದ ಬಿರುಕು ಬಾಯಿ ಬಿಡದಂತೆ ಬಿಗಿಯಾಗಿ ಹಿಡಿಯುತ್ತದೆ, ಅಷ್ಟೇ. ‘ತಡೆ’ ಎಂದು ಓದಿದ ಮಾಲೀಕರು ಕೂದಲೆಳೆಯಷ್ಟು ಬಿರುಕು ಕಂಡರೂ ಮೇಸ್ತ್ರಿ ಜೊತೆ ಜಗಳಕ್ಕೆ ನಿಲ್ಲುತ್ತಾರೆ. (ಈ ಕೂದಲೆಳೆ ಬಿರುಕಿಗೆ ಸೈಟಿನಲ್ಲಿ ‘ಏರ್ ಕ್ರ್ಯಾಕ್’ ಅಂತಾರೆ. ‘ಹೇರ್’ ಹೋಗಿ ‘ಏರ್’ ಆಗಿದೆ. ಗಾಳಿ ಸೇರಿದ್ದಕ್ಕೇ ಬಿರುಕು ಬಂತು ಎಂದು ವಿವರಿಸಿದವರನ್ನೂ ಕಂಡಿದ್ದೇನೆ!) ‘ಬಿರುಕು ಹತೋಟಿ’ ಆದೀತೇ?

ಕಂಬಿ ಹಾಕಿದ ಕಾಂಕ್ರೀಟಿಗೆ ಪಠ್ಯಪುಸ್ತಕ ಕೊಡುವ ‘ಪ್ರಬಲಿತ ಕಾಂಕ್ರೀಟ್’ ಎಂಬ ಹೆಸರು ಕೂಡ ಇಲ್ಲಿ ದಾರಿ ತಪ್ಪಿಸುತ್ತದೆ. ತೆಳು ಮೆಶ್ ಹಾಕಿದರೆ ನೆಲದ ಬಲವೇನೂ ಜಾಸ್ತಿ ಆಗುವುದಿಲ್ಲ. ಭಾರ ಹೊರುವುದು ಕಾಂಕ್ರೀಟಿನ ದಪ್ಪ ಮತ್ತು ದಮ್ಮಸು ಮಾಡಿದ ಮಣ್ಣು.

ಇನ್ನು ‘ಸ್ಲ್ಯಾಬ್’. ಇಂಗ್ಲಿಷಿನಲ್ಲಿ ನೆಲದ ಕಾಂಕ್ರೀಟಿಗೂ ಇದೇ ಪದ. ನಮ್ಮ ಕಡೆ ಸ್ಲ್ಯಾಬ್ ಅಂದರೆ ತಾರಸಿಯೇ. ತಾರಸಿಯ ನಡುಭಾಗದಲ್ಲಿ ಕಂಬಿ ತಳದಲ್ಲಿರಬೇಕು. ನೆಲದಲ್ಲಿ ಉಲ್ಟಾ: ಮೆಶ್ ಮೇಲ್ಭಾಗಕ್ಕೆ ಹತ್ತಿರ ಇರಬೇಕು. 150 ಮಿ.ಮೀ. ದಪ್ಪವಿದ್ದರೆ ಮೇಲಿನಿಂದ ಸುಮಾರು 50 ಮಿ.ಮೀ. ಒಳಗೆ. ನಮ್ಮ ಅಡಿಕೆ ಗೋದಾಮಿನಲ್ಲಿ ನಾನು ‘ಸ್ಲ್ಯಾಬ್’ ಅಂದೆ, ಮೆಶ್ ಹೋಗಿ ಮಣ್ಣಿನ ಮೇಲೆ ಮಲಗಿತು. ಈಗ ಸುಮ್ನೆ ‘ನೆಲದ ಕಾಂಕ್ರೀಟ್’ ಅಂತ ಬರೆಯುತ್ತಿದ್ದೇನೆ.

ನಿಜವಾಗಿ ಕೈಕೊಟ್ಟಿರುವುದು ‘ಕಂಟ್ರೋಲ್ ಜಾಯಿಂಟ್’. ಕಾಂಕ್ರೀಟ್ ಗಟ್ಟಿಯಾದ ಮೇಲೆ, ಬಿರುಕು ಏಳುವುದಕ್ಕೆ ಮುಂಚೆ, ಸಾಮಾನ್ಯವಾಗಿ ಒಂದು ದಿನದೊಳಗೆ, ಕಟ್ಟರ್‌ನಿಂದ ದಪ್ಪದ ಕಾಲು ಭಾಗದಷ್ಟು ಆಳಕ್ಕೆ ಕೊಯ್ಯುವ ಗೆರೆ ಇದು. ಬಿರುಕು ಎಲ್ಲೆಂದರಲ್ಲಿ ಓಡದೆ ಆ ಗೆರೆಯಲ್ಲೇ ಬೀಳಲಿ ಅಂತ. ‘ಕೀಲು’ ಅಂದರೆ ಬಾಗಿಲು ನೆನಪಾಗುತ್ತದೆ, ‘ಸಂಧಿ’ ಅಂದರೆ ವ್ಯಾಕರಣದ ಮೇಷ್ಟ್ರು. ಎರಡರಲ್ಲೂ ಕೂಡಿಸುವ ಅರ್ಥವಿದೆ. ಇಲ್ಲಿ ಕೊಯ್ಯುತ್ತಿದ್ದೇವೆ ಅಲ್ವಾ?

ಮೇಸ್ತ್ರಿಯೊಬ್ಬರು ‘ಗೀರು ಹೊಡೀಬೇಕು’ ಅಂದರು. ಚೆನ್ನಾಗಿದೆ, ಆದರೆ ಗೀರು ಮೇಲುಮೇಲಿನದು ಅನ್ನಿಸುತ್ತದೆ. ನನಗೆ ಹೊಳೆದದ್ದು ‘ಕೊಯ್ಗೆರೆ’. ಹುಬ್ಬಳ್ಳಿ, ಮಂಗಳೂರು ಕಡೆಯ ಸೈಟುಗಳಲ್ಲಿ ಬೇರೆ ಮಾತೇನಾದರೂ ಕಿವಿಗೆ ಬಿದ್ದಿದ್ದರೆ ದಯವಿಟ್ಟು ತಿಳಿಸಿ.