ಪೋರ್ಟ್ ಮಾಡಿದ್ಮೇಲೆ ನೆಟ್ ಸಂಜೆ ಹೊತ್ತು ಸತ್ತೇ ಹೋಗತ್ತೆ, ಗೊತ್ತಿರೋರು ಸ್ವಲ್ಪ ಹೇಳಿ

ಎಲ್ರಿಗೂ ನಮಸ್ಕಾರ, ನಮ್ದು ತೀರ್ಥಹಳ್ಳಿ ಕಡೆ ಹಳ್ಳಿ, ಸುತ್ತ ಅಡಿಕೆ ತೋಟ, ಟವರ್ ಇರೋದು ಗುಡ್ಡದ ಆಚೆ. ಹೋದ ವಾರ 1900ಕ್ಕೆ ಮೆಸೇಜ್ ಹಾಕಿ ಅದೇ ನಂಬರಲ್ಲಿ ಸಿಮ್ ಬೇರೆ ಕಂಪನಿಗೆ ಪೋರ್ಟ್ ಮಾಡಿಸ್ದೆ, ದಿನಕ್ಕೆ 2 ಜಿಬಿ ಪ್ಲಾನು, ರೇಟು ಸ್ವಲ್ಪ ಕಮ್ಮಿ ಅಂತ ಆಸೆಗೆ ಬಿದ್ದಿದ್ದು.

ಈಗ ಮೂರು ದಿನದಿಂದ ಸ್ಪೀಡ್ ಟೆಸ್ಟ್ ಮಾಡಿ ಕ್ಯಾಲೆಂಡರ್ ಹಿಂದೆ ಬರೀತಿದೀನಿ (ಮನೆಯವ್ರು ನಗ್ತಿದಾರೆ, ನಗ್ಲಿ). ಬೆಳಗ್ಗೆ 6ಕ್ಕೆ ಜಗಲೀಲಿ 22 ಎಂಬಿಪಿಎಸ್ ಬರತ್ತೆ, ಅದೇ ಜಾಗದಲ್ಲಿ ರಾತ್ರಿ 8ಕ್ಕೆ 0.8, ಅಪ್‌ಲೋಡ್ ಅಂತೂ ಕೇಳ್ಲೇಬೇಡಿ, ಮಗಳ ಆನ್‌ಲೈನ್ ಕ್ಲಾಸಲ್ಲಿ ಮೇಷ್ಟ್ರ ಬಾಯಿ ತೆರೆದಂಗೇ ನಿಂತಿರತ್ತೆ. ಡೇಟಾ ಖಾಲಿಯಾಗಿ 64 ಕೆಬಿಪಿಎಸ್‌ಗೆ ಇಳಿದಿರೋದಲ್ಲ, ಆಗ ಇನ್ನೂ 600 ಎಂಬಿನೂ ಖರ್ಚಾಗಿರಲ್ಲ.

ಎಪಿಎನ್ (ಫೋನಿನ ನೆಟ್ ಸೆಟ್ಟಿಂಗ್) ರೀಸೆಟ್ ಮಾಡ್ದೆ, ಸಿಮ್ ಸ್ಲಾಟ್ ಬದ್ಲಾಯಿಸ್ದೆ, ಎಲ್‌ಟಿಇ (4ಜಿ) ಮಾತ್ರ ಅಂತ ಇಟ್ಟೂ ನೋಡ್ದೆ. ಒಂದು ಆ್ಯಪಲ್ಲಿ ನೋಡಿದ್ರೆ ಜಗಲೀಲಿ ಬ್ಯಾಂಡ್ (ಸಿಗ್ನಲ್ ಬರೋ ಫ್ರೀಕ್ವೆನ್ಸಿ) 40 ಅಂತ ತೋರ್ಸತ್ತೆ, ಅಡುಗೆಮನೆಗೆ ಹೋದ್ರೆ ಬ್ಯಾಂಡ್ 5, ಅಂದ್ರೆ 850 ಮೆಗಾಹರ್ಟ್ಜ್, ಸಿಗ್ನಲ್ ಮೈನಸ್ 112 ಡಿಬಿಎಂ, ತುಂಬಾ ವೀಕು. 850 ದೂರ ಹೋಗತ್ತೆ, ಗೋಡೆನೂ ದಾಟತ್ತೆ, ಆದ್ರೆ ಬ್ಯಾಂಡಿನ ಅಗಲ ಕಮ್ಮಿ, ಸ್ಪೀಡ್ ಜಾಸ್ತಿ ಬರಲ್ಲ ಅಂತ ಗೊತ್ತು. ಆದ್ರೆ ಜಗಲೀಲೇ ಕೂತಿದ್ರೂ ಸಂಜೆ ಯಾಕೆ ಹಿಂಗೆ, ಟವರಿಗೆ ಜನ ಜಾಸ್ತಿ ಆಗಿನಾ?

ಫೋನ್ ರೂಟ್ ಮಾಡದೇನೇ (ಸಿಸ್ಟಂ ಲಾಕ್ ತೆಗೀದೇನೇ) ಒಂದೇ ಬ್ಯಾಂಡಿಗೆ ಲಾಕ್ ಮಾಡೋಕೆ ಆಗತ್ತಾ? ಹೊರಗೆ ಆಂಟೆನಾ ಹಾಕೋ ಸಿಮ್ ರೌಟರ್ ತಗೊಂಡೋರು ಇದ್ರೆ ಸಂಜೆ ಹೊತ್ತಿನ ಸ್ಪೀಡ್ ಎಷ್ಟು ಬರತ್ತೆ ಹೇಳಿ. ವಾಪಸ್ ಪೋರ್ಟ್ ಮಾಡೋಣ ಅಂದ್ರೆ 90 ದಿನ ಕಾಯ್ಬೇಕಲ್ಲ ಮಾರಾಯ್ರೆ.