ಮಾಳಿಗೆ ಎಂದರೆ ನಿಮ್ಮ ಕಡೆ ಯಾವುದು? ಮನೆ ಚಿತ್ರದ ಶುಭಾಶಯ ಪತ್ರಕ್ಕೆ ಕೆಲವು ಪದಗಳು ಬೇಕು

ಎಲ್ಲರಿಗೂ ನಮಸ್ಕಾರ.

ನಾನು ಕೊಪ್ಪಳದವಳು. ಬಿಡುವಾದಾಗ ಕೈಯಿಂದ ಶುಭಾಶಯ ಪತ್ರ ಮಾಡುತ್ತೇನೆ. ಹೂವು ಬಳ್ಳಿ ಎಲ್ಲರೂ ಮಾಡುತ್ತಾರೆ, ನಾನು ಮನೆ ಮಾಡುತ್ತೇನೆ. ಗೃಹಪ್ರವೇಶಕ್ಕೆ ಕೊಡಲು ಜಾಸ್ತಿ ಜನ ಒಯ್ಯುತ್ತಾರೆ. ಪತ್ರ ತೆರೆದರೆ ಒಳಗಿನಿಂದ ಒಂದು ಪುಟ್ಟ ಮನೆ ಎದ್ದು ನಿಲ್ಲುತ್ತದೆ. ಹಿಂಬದಿಯಲ್ಲಿ ಮನೆಯ ಭಾಗಗಳ ಹೆಸರನ್ನು ಸಣ್ಣ ಅಕ್ಷರದಲ್ಲಿ ಬರೆಯುವ ಚಟವೂ ನನಗಿದೆ. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಹೋದ ತಿಂಗಳು ಉಡುಪಿ ಕಡೆಯವರೊಬ್ಬರು ಫೋನ್ ಮಾಡಿ "ಮಾಳಿಗೆ ಮನೆ ಇರುವ ಪತ್ರ ಹತ್ತು ಬೇಕು, ಮುಂದೆ ಜಗಲಿಯೂ ಇರಲಿ" ಎಂದರು. ನನಗೆ ಖುಷಿಯೋ ಖುಷಿ. ನಮ್ಮ ಮನೆಯನ್ನೇ ಕೇಳಿದರಲ್ಲ! ಚಪ್ಪಟೆ ಮಾಳಿಗೆ, ಅಂಚಿಗೆ ಕುಂಬಿ, ಗೋಡೆಗೆ ಒರಗಿಸಿದ ಏಣಿ, ಮೇಲೆ ಒಣಹಾಕಿದ ಕೆಂಪು ಮೆಣಸಿನಕಾಯಿ. ಎಲ್ಲ ಕತ್ತರಿಸಿ ಅಂಟಿಸಿದೆ. ಜಗಲಿ ಮಾತ್ರ ವಿಚಿತ್ರ ಎನಿಸಿತು. ಮನೆ ಮುಂದೆ ಜಗಲಿ ಯಾಕೆ? ನಮ್ಮಲ್ಲಿ ಜಗಲಿ ಎಂದರೆ ದೇವರ ಜಗಲಿ, ಒಳಗೆ ದೇವರನ್ನು ಇಡುವ ಕಟ್ಟೆ. ಏನೋ ಅವರ ಕಡೆಯ ಪದ್ಧತಿ ಇರಬೇಕು ಅಂದುಕೊಂಡು ಬಾಗಿಲ ಪಕ್ಕ ಒಂದು ಗೂಡು ಕೊರೆದು ಅದರಲ್ಲಿ ದೀಪ ಇಟ್ಟೆ.

ಪತ್ರ ತಲುಪಿದ ಮೇಲೆ ಅವರು ಬೇಜಾರು ಮಾಡಿಕೊಳ್ಳಲಿಲ್ಲ, ನಕ್ಕರು. "ಚೆನ್ನಾಗಿದೆ, ಆದರೆ ಮಾಳಿಗೆ ಎಲ್ಲಿ?" ಎಂದರು. ಅವರ ಮಾಳಿಗೆ ಎಂದರೆ ಮೆಟ್ಟಿಲು ಹತ್ತಿ ಹೋಗುವ ಮೇಲಂತಸ್ತು. ಜಗಲಿ ಎಂದರೆ ಬಂದವರು ಕೂರುವ ಮುಂಭಾಗದ ಕಟ್ಟೆ. ನಾನು ಅವರಿಗೆ ಮೇಲಂತಸ್ತಿನ ಬದಲು ಮಣ್ಣಿನ ಮೇಲ್ಚಾವಣಿ ಕಳಿಸಿದ್ದೆ, ಕೂರುವ ಜಾಗದಲ್ಲಿ ದೀಪ ಹಚ್ಚಿದ್ದೆ.

ಇದನ್ನು ಅವ್ವನಿಗೆ ಹೇಳಿದರೆ, "ಮ್ಯಾಲ ಮನಿ ಇದ್ರ ಅದು ಮಹಡಿ. ಮಾಳಿಗಿ ಅಂದ್ರ ಮಾಳಿಗಿ. ಅದ್ರಾಗ ಕೇಳೂದೇನೈತಿ?" ಅಂದಳು. ಅವಳ ಮಟ್ಟಿಗೆ ಚರ್ಚೆ ಮುಗಿಯಿತು. ನನಗೆ ಮುಗಿಯಲಿಲ್ಲ. ತಮಿಳಿನಲ್ಲಿ ಮಾಳಿಗೈ ಎಂದರೆ ಅರಮನೆ. ಕರಾವಳಿಗೆ ಬಂದರೆ ಅದೇ ಪದ ಮೇಲಂತಸ್ತು, ನಮ್ಮ ಊರಿಗೆ ಬಂದರೆ ಮಣ್ಣು ಬಡಿದ ಚಾವಣಿ. ಅರಮನೆಯಿಂದ ಹೊರಟ ಪದ ಮೆಣಸಿನಕಾಯಿ ಒಣಗಿಸುವಲ್ಲಿಗೆ ಬಂತೋ, ಇಲ್ಲಿಂದ ಹತ್ತಿಕೊಂಡು ಅಲ್ಲಿಗೆ ಹೋಯಿತೋ? ಇದು ನನ್ನ ಮೊದಲ ಪ್ರಶ್ನೆ. ಹಳೆಯ ಕಾವ್ಯ, ಶಾಸನ ಓದಿದವರು ದಯವಿಟ್ಟು ಹೇಳಿ.

ಇದಕ್ಕೆ ಅಂಟಿಕೊಂಡೇ ಇನ್ನೊಂದು. ಹೀಗೆ ಮಣ್ಣಿನ ಚಾವಣಿ ಇರುವ ಮನೆಯನ್ನು ನಮ್ಮಲ್ಲಿ ಮೇಲ್ಮುದ್ದಿ ಮನೆ ಎಂದೂ ಕರೆಯುತ್ತಾರೆ. ತೊಲೆ, ತೊಲೆಯ ಮೇಲೆ ಅಡ್ಡ ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆ, ಆಮೇಲೆ ಮಣ್ಣು. ಕೊನೆಯ ಪದರ ಸವಳು ಮಣ್ಣು. ಮಳೆಗಾಲಕ್ಕೆ ಮುಂಚೆ ಅದನ್ನು ಮತ್ತೆ ಹರಡುತ್ತಾರೆ. ಬೆಳೆಗೆ ಬಾರದ ಉಪ್ಪು ಮಣ್ಣು ಅದು. ಆದರೆ ನೀರು ಬಿದ್ದರೆ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ, ಹಾಗಾಗಿ ಸೋರುವುದು ಕಡಿಮೆ. ಹೊಲದಲ್ಲಿ ಬೈಸಿಕೊಳ್ಳುವ ಮಣ್ಣಿಗೆ ಮನೆಯ ಮೇಲೆ ಮರ್ಯಾದೆ! ಇಷ್ಟು ಮಣ್ಣು ಬಡಿಯುವುದರಿಂದ ಮೇಲ್ಮುದ್ದಿಯಲ್ಲಿರುವುದು ಮುದ್ದೆ ಎಂದೇ ಇಷ್ಟು ದಿನ ನಂಬಿದ್ದೆ. ಆದರೆ ಬಳ್ಳಾರಿಯಲ್ಲಿರುವ ನಮ್ಮ ಚಿಗವ್ವ ಇದನ್ನೇ ಮಿದ್ದೆ ಅನ್ನುತ್ತಾಳೆ. ತೆಲುಗಿನಲ್ಲೂ ಮಿದ್ದೆ, ಅವರ ಸವಳು ಚವುಡು. ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು, ನಾವು ಮತ್ತು ರಾಯಚೂರಿನವರು 1956ರವರೆಗೆ ಹೈದರಾಬಾದಿನಲ್ಲಿದ್ದೆವು. ಎರಡೂ ಕಡೆ ತೆಲುಗು ಪಕ್ಕದ ಮನೆಯ ಭಾಷೆ. ಹಾಗಾದರೆ ಮೇಲ್ಮುದ್ದಿ ಎಂಬುದು ಮಿದ್ದೆಗೆ ನಾವು ಹಾಕಿದ ಮಣ್ಣೇ? ನನಗೇನೋ ಹಾಗೇ ಅನಿಸುತ್ತಿದೆ. ಅವ್ವ ಒಪ್ಪುವುದಿಲ್ಲ.

ಈಗ ಕಾಗದದ ಕಡೆಗೆ ಬರುತ್ತೇನೆ. ಮುಂದಿನ ವಾರ ಶಾಲೆಯೊಂದರಲ್ಲಿ ಮಕ್ಕಳಿಗೆ ಈ ಪತ್ರ ಮಾಡುವುದನ್ನು ಹೇಳಿಕೊಡಬೇಕು. ಸೂಚನೆಯ ಚೀಟಿ ಕನ್ನಡದಲ್ಲೇ ಇರಲಿ ಎಂದಿದ್ದಾರೆ. ಕೆಲಸ ಬಹಳ ಸರಳ. ಎ4 ಹಾಳೆಯನ್ನು ಅಡ್ಡಕ್ಕೆ ಅರ್ಧ ಮಡಚಬೇಕು. ಮಡಿಕೆಯ ಕಡೆಯಿಂದ 5 ಸೆಂಟಿಮೀಟರು ಉದ್ದಕ್ಕೆ ಎರಡು ಸಲ ಕತ್ತರಿ ಆಡಿಸಬೇಕು. ನಡುವಿನ ಪಟ್ಟಿಯನ್ನು ಒಳಕ್ಕೆ ತಳ್ಳಿ ಹಾಳೆ ತೆರೆದರೆ ಪೆಟ್ಟಿಗೆಯಂತೆ ಎದ್ದು ನಿಲ್ಲುತ್ತದೆ: ಮುಂದೆ ಗೋಡೆ, ಮೇಲೆ ಚಪ್ಪಟೆ ಮಾಳಿಗೆ. ಇಳಿಜಾರು ಹಂಚಿನ ಮನೆ ಬೇಕಾದರೆ ಬೇರೆ ತುಂಡು ಕತ್ತರಿಸಿ ಅಂಟಿಸಬೇಕು. ನಮ್ಮ ಮನೆ ಸುಮ್ನೆ ಎರಡು ಗೆರೆಯಲ್ಲಿ ಮುಗಿಯುತ್ತದೆ. ತಮಾಷೆ ಎಂದರೆ, ಮನೆ ಬರೆಯಿರಿ ಅಂದರೆ ಇಲ್ಲಿನ ಮಕ್ಕಳೂ ತ್ರಿಕೋನದ ಚಾವಣಿಯನ್ನೇ ಬರೆಯುತ್ತಾರೆ. ಅಂಥ ಮನೆ ಅವರ ಓಣಿಯಲ್ಲಿ ಒಂದೂ ಇರುವುದಿಲ್ಲ!

ಚೀಟಿಯಲ್ಲಿ ಸಿಕ್ಕಿಹಾಕಿಕೊಂಡದ್ದು ಮಡಿಕೆ ಎಂಬ ಪದದಲ್ಲಿ. ಮಡಚು, ಮಡಿಸು ಎರಡೂ ಎಲ್ಲರಿಗೂ ಗೊತ್ತು. ಆದರೆ "ಮಡಿಕೆ ಹಾಕಿ" ಎಂದು ಬರೆದರೆ ನಮ್ಮ ಹುಡುಗರಿಗೆ ನೀರಿನ ಮಡಿಕೆ ನೆನಪಾಗುತ್ತದೆ. ಬಳ್ಳಾರಿ ಕಡೆಯವರಿಗೆ ನೇಗಿಲೂ ನೆನಪಾದೀತು, ಅಲ್ಲಿ ಮಡಿಕೆ ಹೊಡೆಯುವುದು ಎಂದರೆ ಉಳುವುದು. ಅವ್ವ ಬಟ್ಟೆಯ ಮಡಿಕೆಗೆ ಗಳಿಗಿ ಅನ್ನುತ್ತಾಳೆ. ಹೊಸ ಸೀರೆಯನ್ನು ಮೊದಲ ಸಲ ಉಡುವುದು ಗಳಿಗಿ ಮುರಿಯುವುದು. ಎಷ್ಟು ಚೆಂದದ ಮಾತು! ಆದರೆ ಗೃಹಪ್ರವೇಶದ ಪತ್ರದ ಮೇಲೆ ಗಳಿಗೆ ಎಂದು ಬರೆದರೆ ಓದಿದವರು ಮುಹೂರ್ತದ ಗಳಿಗೆ ಅಂದುಕೊಳ್ಳುತ್ತಾರೆ, ಅಲ್ವಾ? ಅದನ್ನು ಮುರಿ ಎಂದರಂತೂ ಮುಗಿಯಿತು.

ಹಾಳೆಯಲ್ಲಿ ಒಂದು ಗೆರೆ ನಮ್ಮ ಕಡೆಗೆ ಉಬ್ಬಿರುತ್ತದೆ, ಇನ್ನೊಂದು ಒಳಕ್ಕೆ ತಗ್ಗಿರುತ್ತದೆ. ಇವೆರಡಕ್ಕೆ ಬೆಟ್ಟದ ಮಡಿಕೆ, ಕಣಿವೆಯ ಮಡಿಕೆ ಎಂದು ಯಾರೋ ಅನುವಾದ ಮಾಡಿದ್ದನ್ನು ನೋಡಿದ್ದೆ. ನನಗೆ ಹಿಡಿಸಲಿಲ್ಲ. ನಮ್ಮ ಹೊಲದಲ್ಲೇ ಬೋದು ಮತ್ತು ಸಾಲು ಇವೆಯಲ್ಲ. ಏರಿದ್ದು ಬೋದು, ತಗ್ಗಿದ್ದು ಸಾಲು. ಪಕ್ಕದ ಮನೆಯ ಹುಡುಗನಿಗೆ "ಇದು ಬೋದು ಆಗಲಿ, ಅದು ಸಾಲು ಆಗಲಿ" ಎಂದೆ. ಎರಡನೇ ಸಲ ಹೇಳಬೇಕಾಗಲಿಲ್ಲ. ಇದನ್ನೇ ಚೀಟಿಗೆ ಹಾಕುತ್ತೇನೆ. ಬೇಡ ಅನ್ನುವವರು ಇದಕ್ಕಿಂತ ಒಳ್ಳೆಯದನ್ನು ಕೊಡಿ.

ನಿಜವಾಗಿ ಪದ ಸಿಗದೆ ಇರುವುದು ಒಂದೇ ಕೆಲಸಕ್ಕೆ. ಹಾಳೆ ದಪ್ಪ ಇದ್ದರೆ, ಅಂದರೆ 250 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಆಸುಪಾಸು, ನೇರವಾಗಿ ಮಡಚಿದಾಗ ಮೇಲ್ಮೈ ಒಡೆದು ಬಿಳಿ ಎಳೆ ಕಾಣುತ್ತದೆ. ಅದಕ್ಕೆ ಮೊದಲು ಸ್ಕೇಲ್ ಇಟ್ಟು, ಶಾಯಿ ಮುಗಿದ ಪೆನ್ನಿನ ತುದಿಯಿಂದ ಒತ್ತಿ ಒಂದು ತಗ್ಗು ಗೆರೆ ಎಳೆಯುತ್ತೇವೆ. ಹರಿಯಬಾರದು, ಬರೀ ತಗ್ಗಾಗಬೇಕು. ಪ್ರಿಂಟಿಂಗ್ ಪ್ರೆಸ್ಸಿನವರು ಕ್ರೀಸ್ ಹೊಡೆಯುವುದು ಅನ್ನುತ್ತಾರೆ. ಗೀರು ಎಂದರೆ ಮಕ್ಕಳು ಬ್ಲೇಡು ತೆಗೆಯುತ್ತಾರೆ. ಕೊರೆ ಎಂದರೆ ತೂತು ಬೀಳುತ್ತದೆ. "ಗೆರೆ ಒತ್ತು" ಎಂದು ಸದ್ಯಕ್ಕೆ ಬರೆದಿದ್ದೇನೆ. ಬಡಗಿಗಳು, ಚಪ್ಪಲಿ ಹೊಲಿಯುವವರು, ಪುಸ್ತಕಕ್ಕೆ ರಟ್ಟು ಕಟ್ಟುವವರು ಇಂಥ ಕೆಲಸಕ್ಕೆ ಒಂದು ಮಾತು ಇಟ್ಟುಕೊಂಡೇ ಇರುತ್ತಾರೆ. ನಿಮ್ಮ ಓಣಿಯಲ್ಲಿ ಅಂಥವರಿದ್ದರೆ ಒಂದು ಸಲ ಕೇಳಿ ನೋಡಿ.

ಅಂಟಿನ ವಿಷಯದಲ್ಲಿ ಗೊಂದಲವಿಲ್ಲ. ಇಲ್ಲೇ ಕಿನ್ನಾಳದ ಗೊಂಬೆ ಮಾಡುವವರು ಹುಣಸೆ ಬೀಜದ ಅಂಟಿಗೆ ಮರದ ಹೊಟ್ಟು, ಸೆಣಬಿನ ಪುಡಿ ಕಲಸಿ ಕಿಟ್ಟ ಮಾಡುತ್ತಾರೆ. ನಮ್ಮ ಕಾಗದದ ಮನೆಗೆ ಅಷ್ಟೆಲ್ಲ ಬೇಡ, ಅಂಗಡಿಯ ಗೋಂದು ಸಾಕು.

ಉಡುಪಿಯವರಿಗೆ ಬೇರೆ ಹತ್ತು ಪತ್ರ ಮಾಡಿ ಕಳಿಸಬೇಕು. ಈ ಸಲ ಮೇಲಂತಸ್ತು ಇರುತ್ತದೆ, ಮುಂದೆ ಕೂರಲು ಕಟ್ಟೆಯೂ ಇರುತ್ತದೆ. ಹಿಂಬದಿಯಲ್ಲಿ ಆ ಮೇಲಂತಸ್ತಿಗೆ ಮಾಳಿಗೆ ಎಂದು ಬರೆಯಲು ಮಾತ್ರ ಕೈ ಏಳುತ್ತಿಲ್ಲ. ಉಪ್ಪರಿಗೆ ಎಂದರೆ ಅವರಿಗೆ ಸರಿ ಹೋಗುತ್ತದೆಯೇ? ಮಾಳಿಗೆಗೂ ಉಪ್ಪರಿಗೆಗೂ ಅಲ್ಲಿ ಏನಾದರೂ ವ್ಯತ್ಯಾಸ ಇದೆಯೇ? ಕರಾವಳಿಯವರು ಬೇಗ ಉತ್ತರ ಕೊಟ್ಟರೆ ಶನಿವಾರದ ಒಳಗೆ ಅಂಚೆಗೆ ಹಾಕುತ್ತೇನೆ.