ನೂರಕ್ಕೆ ನೂರು ಫಲಿತಾಂಶದ ಶಾಲೆಯೋ, ಊರ ಸಮೀಪದ ಸರ್ಕಾರಿ ಪ್ರೌಢಶಾಲೆಯೋ?

ಪ್ರಶ್ನೆ: ತಿಪಟೂರು ಸೀಮೆಯ ಒಬ್ಬ ತಂದೆ

ನಮ್ಮ ಮಗಳು ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ್ದಾಳೆ. ಎಂಟನೆಯದಕ್ಕೆ ಬೇರೆಡೆ ಸೇರಿಸಲೇಬೇಕು. ಆದರ್ಶ ವಿದ್ಯಾಲಯಕ್ಕೂ ಮೊರಾರ್ಜಿ ದೇಸಾಯಿ ವಸತಿ ಶಾಲೆಗೂ ಆರನೆಯ ತರಗತಿಗೇ ಪ್ರವೇಶ ಪರೀಕ್ಷೆ ನಡೆಯುತ್ತದೆಂದು ನಮಗೆ ತಿಳಿಯುವಷ್ಟರಲ್ಲಿ ಆ ಕಾಲ ಮುಗಿದಿತ್ತು. ಈಗ ಉಳಿದಿರುವುದು ಎರಡೇ ಆಯ್ಕೆ. ಒಂದು, ಪಟ್ಟಣದಲ್ಲಿರುವ ಅನುದಾನರಹಿತ ಇಂಗ್ಲಿಷ್ ಮಾಧ್ಯಮದ ಪ್ರೌಢಶಾಲೆ. ಬಸ್ ನಿಲ್ದಾಣದ ಎದುರಿಗೇ ನೂರಕ್ಕೆ ನೂರು ಫಲಿತಾಂಶವೆಂದು ಮಕ್ಕಳ ಭಾವಚಿತ್ರಗಳೊಡನೆ ಫ್ಲೆಕ್ಸ್ ಹಾಕಿದ್ದಾರೆ. ಇನ್ನೊಂದು, ನಮ್ಮೂರಿನಿಂದ ಎರಡು ಕಿಲೋಮೀಟರ್ ದೂರದ ಸರ್ಕಾರಿ ಪ್ರೌಢಶಾಲೆ. ಕಳೆದ ವರ್ಷ ಅಲ್ಲಿ ಐವರು ನಪಾಸಾದರೆಂಬ ಮಾತು ಹಾಲಿನ ಡೈರಿಯ ಮುಂದೆ ದಿನಾ ಕೇಳಿಬರುತ್ತದೆ. ಶುಲ್ಕಕ್ಕೂ ವ್ಯಾನಿಗೂ ನಾವು ಕೊಬ್ಬರಿಯ ದುಡ್ಡನ್ನೇ ನೆಚ್ಚಿಕೊಂಡವರು. ಆದರೂ ಒಳ್ಳೆಯ ಶಾಲೆಯೆಂದಾದರೆ ಹೇಗೋ ಹೊಂದಿಸಬಹುದು. ಶಾಲೆಯ ಹೆಸರನ್ನು ಎಷ್ಟರಮಟ್ಟಿಗೆ ನಂಬಬೇಕು, ಯಾವುದನ್ನು ನೋಡಿ ಅಳೆಯಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಮುಖ್ಯೋಪಾಧ್ಯಾಯರು

ನೂರಕ್ಕೆ ನೂರು ಎಂದು ಬರೆದಿರುವುದನ್ನು ಕಂಡಾಗಲೆಲ್ಲ ನಾನು ಕೇಳುವುದು, ಅದು ಎಷ್ಟು ಮಕ್ಕಳ ನೂರು ಎಂದು. ಮೂರು ವರ್ಷಗಳ ಹಿಂದೆ ಎಂಟನೆಯ ತರಗತಿಗೆ ಎಷ್ಟು ಮಕ್ಕಳು ದಾಖಲಾಗಿದ್ದರು, ಅವರಲ್ಲಿ ಎಷ್ಟು ಮಂದಿ ಅದೇ ಶಾಲೆಯ ಹೆಸರಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕುಳಿತರು, ನಡುವೆ ಕಾಣೆಯಾದವರು ಎಲ್ಲಿಗೆ ಹೋದರು ಎಂಬ ಮೂರು ಸಂಖ್ಯೆಗಳನ್ನು ಕೇಳಿ ಪಡೆಯಿರಿ. ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ ಎಂಟನೆಯ ತರಗತಿಗೆ ಮುಗಿಯುತ್ತದೆ. ಜರಡಿ ಹಿಡಿಯುವ ಕೆಲಸ ನಡೆಯುವುದು ಒಂಬತ್ತರಲ್ಲಿ. ಓದಿನಲ್ಲಿ ಹಿಂದಿರುವ ಮಗುವಿನ ತಂದೆಯನ್ನು ಕರೆಸಿ, “ಅನುತ್ತೀರ್ಣ ಎಂದು ಬರೆಯುವುದಕ್ಕಿಂತ ವರ್ಗಾವಣೆ ಪತ್ರ ತೆಗೆದುಕೊಂಡುಬಿಡಿ” ಎಂದು ಮೃದುವಾಗಿಯೇ ಹೇಳುತ್ತಾರೆ. ಇನ್ನು ಕೆಲವರನ್ನು ಖಾಸಗಿ ಅಭ್ಯರ್ಥಿಗಳಾಗಿ ಪರೀಕ್ಷೆ ಬರೆಸುತ್ತಾರೆ. ಆಗ ಅವರ ಸೋಲು ಶಾಲೆಯ ಲೆಕ್ಕಕ್ಕೆ ಬರುವುದಿಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಸಂಸ್ಥೆಯಲ್ಲಿ ಆಡಳಿತ ಮಂಡಳಿಯ ಒತ್ತಾಯಕ್ಕೆ ಮಣಿದು ಅಂತಹ ಏಳು ವರ್ಗಾವಣೆ ಪತ್ರಗಳಿಗೆ ನಾನೇ ಸಹಿ ಹಾಕಿದ್ದೇನೆ. ಆ ವರ್ಷ ನಮಗೂ ನೂರಕ್ಕೆ ನೂರು ಬಂದು ಸನ್ಮಾನವಾಯಿತು. ಎಲ್ಲ ಶಾಲೆಗಳೂ ಹೀಗೆಂದು ನಾನು ಹೇಳುತ್ತಿಲ್ಲ, ಆದರೆ ಹಾಗಲ್ಲದ ಶಾಲೆ ಈ ಮೂರು ಸಂಖ್ಯೆಗಳನ್ನು ಹೇಳಲು ಹಿಂಜರಿಯುವುದಿಲ್ಲ.

ಹಳೆಯ ಫಲಿತಾಂಶಗಳನ್ನು ನೋಡುವಾಗ ಇನ್ನೊಂದು ಎಚ್ಚರವಿರಲಿ. 2024ರಲ್ಲಿ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದಾಗ, ಕೃಪಾಂಕದ (ಗ್ರೇಸ್ ಅಂಕದ) ಮಿತಿಯನ್ನು ಶೇಕಡ 10ರಿಂದ 20ಕ್ಕೆ ಏರಿಸಿದ ಮೇಲೂ ರಾಜ್ಯದ ಫಲಿತಾಂಶ ಹಿಂದಿನ ವರ್ಷದ ಶೇಕಡ 83.89ರಿಂದ 73.40ಕ್ಕೆ ಇಳಿಯಿತು. ಆದ್ದರಿಂದ ಒಂದು ಶಾಲೆಯ 2023ರವರೆಗಿನ ಸಾಧನೆಯನ್ನೂ ಆನಂತರದ್ದನ್ನೂ ಬೇರೆಬೇರೆಯಾಗಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಉತ್ತರ: ಹಾಸನ ಜಿಲ್ಲೆಯ ಒಬ್ಬ ತಾಯಿ

ಮೇಷ್ಟ್ರು ಹೇಳಿದ್ದು ನಿಜ. ಆದರೆ ಫಲಿತಾಂಶದ ಆಚೆಗೂ ನೋಡಬೇಕಾದದ್ದಿದೆ. ನನ್ನ ಮಗ ಏಳರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ. ದ್ಯುತಿಸಂಶ್ಲೇಷಣೆ ಏನೆಂದು ಚೆನ್ನಾಗಿ ಬಲ್ಲ ಹುಡುಗ, ಅದನ್ನು ಇಂಗ್ಲಿಷಿನಲ್ಲಿ ಬರೆಯಲಾಗದೆ ಇಡೀ ಒಂದು ವರ್ಷ ತಾನು ದಡ್ಡನೆಂದೇ ನಂಬಿಕೊಂಡಿದ್ದ. ಬೆಳಿಗ್ಗೆ ಏಳೂವರೆಗೆ ವ್ಯಾನ್ ಹತ್ತಿದರೆ ವಿಶೇಷ ತರಗತಿ ಮುಗಿಸಿ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು ದಾಟಿರುತ್ತಿತ್ತು. ಒಂಬತ್ತರ ಕೊನೆಗೆ ಹೊಂದಿಕೊಂಡ, ಈಗ ಚೆನ್ನಾಗಿದ್ದಾನೆ. ಆ ಒಂದು ವರ್ಷವನ್ನು ತಾಳಿಕೊಳ್ಳುವ ಸ್ವಭಾವ ನಿಮ್ಮ ಮಗಳಿಗಿದೆಯೇ ಎಂಬುದನ್ನು ನಿಮಗಿಂತ ಚೆನ್ನಾಗಿ ಯಾರೂ ಹೇಳಲಾರರು.

ಪ್ರಥಮ ಭಾಷೆ ಯಾವುದೆಂದೂ ಕೇಳಿ. ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ 125 ಪ್ರಥಮ ಭಾಷೆಗೇ ಇರುವುದರಿಂದ, ಅಂಕ ಸುಲಭವಾಗಿ ಬರುತ್ತದೆಂಬ ಕಾರಣಕ್ಕೆ ಕೆಲವು ಶಾಲೆಗಳು ಎಲ್ಲರಿಗೂ ಸಂಸ್ಕೃತವನ್ನೇ ಕೊಡಿಸಿ ಕನ್ನಡವನ್ನು 100 ಅಂಕಗಳ ಭಾಷೆಯಾಗಿಸುತ್ತವೆ. ಸಂಸ್ಕೃತದ ಮೇಲೆ ನನಗೆ ಮುನಿಸಿಲ್ಲ. ಆದರೆ ಏಳು ವರ್ಷ ಕನ್ನಡದಲ್ಲೇ ಓದಿದ ಹುಡುಗಿಗೆ ಅವಳು ಗಟ್ಟಿಯಾಗಿರುವ ಭಾಷೆಯೇ ಹಿಂದಕ್ಕೆ ಸರಿದುಬಿಡುತ್ತದೆ.

ಉತ್ತರ: ಸರ್ಕಾರಿ ಪ್ರೌಢಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು

ಸರ್ಕಾರಿ ಶಾಲೆಯೆಂದು ನಾನು ಪಕ್ಷ ವಹಿಸುತ್ತಿಲ್ಲ, ಅಲ್ಲಿಯ ತೊಂದರೆ ನನಗೆ ಗೊತ್ತು. ಒಟ್ಟು ಎಷ್ಟು ಶಿಕ್ಷಕರಿದ್ದಾರೆಂದು ಕೇಳಬೇಡಿ. ಗಣಿತಕ್ಕೆ ಯಾರು, ಪಿಸಿಎಂ (ಭೌತ, ರಸಾಯನ, ಗಣಿತ) ಶಿಕ್ಷಕರು ಯಾರು, ಸಿಬಿಜೆಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಶಿಕ್ಷಕರು ಯಾರು, ಇಂಗ್ಲಿಷಿಗೆ ಯಾರು ಎಂದು ವಿಷಯವಾರು ಕೇಳಿ. ಅದರಲ್ಲಿ ಕಾಯಂ ಎಷ್ಟು, ಅತಿಥಿ ಶಿಕ್ಷಕರೆಷ್ಟು, ಅತಿಥಿಗಳು ಕಳೆದ ವರ್ಷ ಯಾವ ತಿಂಗಳಲ್ಲಿ ಬಂದರು ಎಂಬುದೂ ಮುಖ್ಯ. ನಮ್ಮಲ್ಲಿ ಒಮ್ಮೆ ಗಣಿತದ ಹುದ್ದೆ ದಸರಾವರೆಗೆ ಖಾಲಿಯಿತ್ತು, ಆ ಸಲ ನಪಾಸಾದವರಲ್ಲಿ ಹೆಚ್ಚಿನವರು ಗಣಿತದಲ್ಲೇ ಎಡವಿದರು. ಇದೇ ಪ್ರಶ್ನೆಗಳನ್ನು ಖಾಸಗಿ ಶಾಲೆಯಲ್ಲೂ ಕೇಳಬೇಕು, ಏಕೆಂದರೆ ಕಡಿಮೆ ಸಂಬಳಕ್ಕೆ ಬಂದವರು ಅಲ್ಲಿಯೂ ವರ್ಷದ ನಡುವೆ ಬಿಟ್ಟುಹೋಗುತ್ತಾರೆ.

ಐವರು ನಪಾಸಾದರು ಎಂಬ ಮಾತಿಗೂ ಅಷ್ಟು ಹೆದರಬೇಕಿಲ್ಲ. 25 ಮಕ್ಕಳಿರುವ ಶಾಲೆಯಲ್ಲಿ ಒಂದು ಮಗು ಎಂದರೆ ಶೇಕಡ 4. ಒಂದು ವರ್ಷದ ಏರಿಳಿತ ನೋಡಿ ತೀರ್ಮಾನಿಸಲಾಗದು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಆ ಐವರಲ್ಲಿ ಎಷ್ಟು ಮಂದಿಯನ್ನು ಕೂರಿಸಿಕೊಂಡು ಓದಿಸಿ ಎರಡನೆಯ ಪರೀಕ್ಷೆಯಲ್ಲಿ ಪಾಸು ಮಾಡಿಸಿದರು ಎಂದು ವಿಚಾರಿಸಿ.

ಪ್ರಶ್ನೆ ಕೇಳಿದವರಿಂದ, ಹತ್ತು ದಿನಗಳ ನಂತರ

ಎಲ್ಲರಿಗೂ ವಂದನೆಗಳು. ತಮ್ಮೆಲ್ಲರ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಎರಡೂ ಕಡೆಗೆ ಹೋಗಿಬಂದೆ. ಪಟ್ಟಣದ ಶಾಲೆಯ ಕಚೇರಿಯಲ್ಲಿ, ಎಂಟನೆಯ ತರಗತಿಯ ದಾಖಲಾತಿ ಕೇಳಿದ ಕೂಡಲೇ, “ನಿಮಗೆ ಸೀಟು ಬೇಕೋ, ಲೆಕ್ಕ ಬೇಕೋ?” ಎಂದು ನಗುತ್ತಲೇ ಕೇಳಿದರು. ಪ್ರಯೋಗಾಲಯ ಮಾತ್ರ ಬಹಳ ಚೆನ್ನಾಗಿದೆ, ಅದನ್ನು ಒಪ್ಪಿಕೊಳ್ಳಬೇಕು. ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿಯವರು ದಾಖಲಾತಿ ವಹಿಯನ್ನೇ ಮೇಜಿನ ಮೇಲಿಟ್ಟರು: ಎಂಟಕ್ಕೆ ಸೇರಿದವರು 31, ಪರೀಕ್ಷೆಗೆ ಕುಳಿತವರು 29, ಮೊದಲ ಪರೀಕ್ಷೆಯಲ್ಲಿ ಉತ್ತೀರ್ಣರಾದವರು 24, ಎರಡನೆಯದರಲ್ಲಿ ಇನ್ನೂ ಮೂವರು. ನಡುವೆ ಬಿಟ್ಟ ಇಬ್ಬರಲ್ಲಿ ಒಬ್ಬಳಿಗೆ ಮದುವೆ ಮಾಡಲು ಹೊರಟಿದ್ದನ್ನು ತಡೆದರೂ ಶಾಲೆಗೆ ಮರಳಿ ಕರೆತರಲಾಗಲಿಲ್ಲವೆಂದು ಅವರಾಗಿಯೇ ಹೇಳಿದರು. ಆದರೆ ಗಣಿತದ ಶಿಕ್ಷಕರು ಈ ಸಲ ವರ್ಗಾವಣೆಯಾಗಿ ಹೋಗುತ್ತಿದ್ದಾರೆ. ಅದನ್ನೂ ಅವರು ಮುಚ್ಚಿಡಲಿಲ್ಲ.

ಮಗಳನ್ನು ಅಲ್ಲಿಗೇ ಸೇರಿಸಿದ್ದೇವೆ. ಜುಲೈ ಮೊದಲ ವಾರದೊಳಗೆ ಗಣಿತಕ್ಕೆ ಯಾರೂ ಬಾರದಿದ್ದರೆ ಮನವಿ ಹಿಡಿದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಲು ನಾಲ್ಕು ಮನೆಯವರು ನನ್ನ ಜೊತೆ ಬರಲು ಒಪ್ಪಿದ್ದಾರೆ.